ಅಜ್ಜ ಬಳಸದೆ ಬಿಟ್ಟುಹೋದ ವಿನಾಯಿತಿ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವೇನು ಎಂಬುದು ನಮ್ಮ ಹಳೆಯ ಗಾದೆ. ಅವನಿಗೆ ಬೇಕಾದದ್ದು ಮೂಟೆಯ ಲೆಕ್ಕ, ಮೂಟೆ ಹೊತ್ತವನ ಸಂಕಟವಲ್ಲ. ಆದರೆ ಬ್ರಿಟನ್ನಿನಲ್ಲಿ ಗಂಡನನ್ನು ಕಳೆದುಕೊಂಡ ಅಜ್ಜಿಯೊಬ್ಬರು ತೀರಿಕೊಂಡಾಗ ಅಲ್ಲಿನ ಸುಂಕದವರು ಕೇಳುವ ಪ್ರಶ್ನೆಗಳನ್ನು ನೋಡಿದರೆ ಈ ಗಾದೆ ಅರ್ಧ ಸುಳ್ಳೆನಿಸುತ್ತದೆ. ಅಜ್ಜ ತೀರಿಕೊಂಡದ್ದು ಯಾವಾಗ? ಮದುವೆ ಎಂದು, ಎಲ್ಲಿ ಆಯಿತು? ಅಜ್ಜ ಉಯಿಲು ಬರೆದಿದ್ದರೆ? ಯಾರಿಗೆ ಎಷ್ಟು ಬಿಟ್ಟರು? ಈಗ ಮನೆ ಯಾರ ಪಾಲಿಗೆ - ಮಕ್ಕಳಿಗೋ, ಮೊಮ್ಮಕ್ಕಳಿಗೋ, ತಂಗಿಯ ಮಕ್ಕಳಿಗೋ? ಒಂದು ಸಂಸಾರದ ಅರ್ಧ ಶತಮಾನದ ಕಥೆಯನ್ನೇ ಅರ್ಜಿಯ ಚೌಕಗಳಲ್ಲಿ ತುಂಬಿಕೊಡಬೇಕು. ತುಂಬಿದ್ದು ಸರಿಯಾದರೆ ಒಂದು ಪೆನ್ನಿಯನ್ನೂ ಕಟ್ಟಬೇಕಿಲ್ಲ. ತಪ್ಪಿದರೆ ಮನೆಯನ್ನೇ ಮಾರಿ ತೆರಿಗೆ ಕಟ್ಟುವ ಪ್ರಸಂಗ.

ನಮ್ಮಲ್ಲಿ ಈಗ ಇಂಥ ತೆರಿಗೆ ಇಲ್ಲ. ಇತ್ತು. 1953ರಲ್ಲಿ ಬ್ರಿಟಿಷರದ್ದೇ ಮಾದರಿಯಲ್ಲಿ ಎಸ್ಟೇಟ್ ಸುಂಕದ ಕಾಯಿದೆ ಬಂತು. ಅದರಿಂದ ಬರುವ ಆದಾಯ ಸುಮಾರು 20 ಕೋಟಿ ರೂಪಾಯಿ ಮಾತ್ರ, ವಸೂಲಿಯ ಖರ್ಚೇ ದುಬಾರಿ ಎಂಬ ಕಾರಣ ಕೊಟ್ಟು 1985ರಲ್ಲಿ ಆಗಿನ ಅರ್ಥಸಚಿವ ವಿ.ಪಿ. ಸಿಂಗ್ ಅದನ್ನು ಕೈಬಿಟ್ಟರು. 2024ರ ಲೋಕಸಭಾ ಚುನಾವಣೆಯ ಸಮಯದಲ್ಲಿ ‘ಪಿತ್ರಾರ್ಜಿತ ತೆರಿಗೆ’ ಎಂಬ ಮಾತು ಮತ್ತೆ ಎದ್ದು ಒಂದಷ್ಟು ದಿನ ಗದ್ದಲವಾಯಿತು. ಆ ಗದ್ದಲದಲ್ಲಿ ಇಂಥ ತೆರಿಗೆ ಇರುವ ದೇಶಗಳಲ್ಲಿ ಅದು ಒಂದು ಸಾಧಾರಣ ಮನೆಯೊಳಗೆ ಹೇಗೆ ನಡೆದುಕೊಳ್ಳುತ್ತದೆ ಎಂದು ವಿಚಾರಿಸಿದವರು ಕಡಿಮೆ. ಹಾಗೆ ವಿಚಾರಿಸಲು ಬ್ರಿಟನ್ ಒಳ್ಳೆಯ ಉದಾಹರಣೆ. ನಮ್ಮ ಕಾಯಿದೆಯ ತವರುಮನೆ ಅದು ಎಂಬುದೊಂದು ಕಾರಣ. ಕನ್ನಡದ ಸಂಸಾರಗಳೂ ಈಗ ಅಲ್ಲಿ ಅಜ್ಜ ಅಜ್ಜಿಯರ ವಯಸ್ಸು ತಲುಪಿವೆ ಎಂಬುದು ಇನ್ನೊಂದು.

ಮೊದಲು ತೆರಿಗೆಯ ಸ್ಥೂಲ ರೂಪ. ಸತ್ತ ವ್ಯಕ್ತಿಯ ಮನೆ, ಹಣ, ಷೇರು, ಒಡವೆ, ಪೀಠೋಪಕರಣ ಎಲ್ಲದರ ಬೆಲೆ ಕೂಡಿಸಿ, ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದರೆ ಉಳಿಯುವುದು ಅವರ ‘ಎಸ್ಟೇಟ್’. ಅದರಲ್ಲಿ ಮೊದಲ 3.25 ಲಕ್ಷ ಪೌಂಡಿಗೆ ತೆರಿಗೆಯ ದರ ಸೊನ್ನೆ. ಅದಕ್ಕಿಂತ ಮೇಲಿನ ಹಣಕ್ಕೆ ಶೇಕಡಾ 40. ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಬಿಟ್ಟುಹೋದ ಆಸ್ತಿಗೆ, ಇಬ್ಬರೂ ಅಲ್ಲಿಯೇ ನೆಲೆಸಿದವರಾದರೆ, ತೆರಿಗೆಯೇ ಇಲ್ಲ. ಅದು ಹತ್ತು ಲಕ್ಷವಿರಲಿ, ಹತ್ತು ಕೋಟಿಯಿರಲಿ. ದಂಪತಿಗಳಲ್ಲಿ ಒಬ್ಬರು ಹೋದಾಗ ಸುಂಕದವರು ಬಾಗಿಲಿನವರೆಗೆ ಬಂದು ಹಿಂದಿರುಗುತ್ತಾರೆ ಎನ್ನಬಹುದು. ಅವರು ಒಳಗೆ ಬರುವುದು ಇನ್ನೊಬ್ಬರೂ ಹೋದಾಗ. ಹೀಗಾಗಿ ಬ್ರಿಟನ್ನಿನ ಉತ್ತರಾಧಿಕಾರ ತೆರಿಗೆ ಎಂದರೆ ಹೆಚ್ಚಿನ ಸಂಸಾರಗಳಲ್ಲಿ ವಿಧವೆ ಅಥವಾ ವಿಧುರರ ಸಾವಿನ ತೆರಿಗೆಯೇ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅಜ್ಜ ಎಲ್ಲವನ್ನೂ ಅಜ್ಜಿಗೆ ಬಿಟ್ಟರು, ತೆರಿಗೆ ಬೀಳಲಿಲ್ಲ. ಸರಿ, ಆದರೆ ಅಜ್ಜನಿಗೂ ತನ್ನದೇ ಆದ ಒಂದು ತೆರಿಗೆರಹಿತ ಮಿತಿ ಇತ್ತಲ್ಲ? ಅದನ್ನು ಅವರು ಬಳಸಲೇ ಇಲ್ಲ. ಅದು ಏನಾಯಿತು?

2007ರ ಅಕ್ಟೋಬರ್‌ವರೆಗೆ ಇದಕ್ಕೆ ಉತ್ತರ ಸರಳವಾಗಿತ್ತು - ಅಜ್ಜನ ಜೊತೆಗೇ ಮಣ್ಣಾಯಿತು. ಹೆಂಡತಿಯನ್ನು ನಂಬಿ ಎಲ್ಲವನ್ನೂ ಅವಳ ಹೆಸರಿಗೆ ಬರೆದ ಗಂಡ ತನ್ನ ಮಿತಿಯನ್ನು ವ್ಯರ್ಥ ಮಾಡಿದವನಾಗುತ್ತಿದ್ದ. ವಕೀಲರ ಬಳಿ ಹೋಗುವಷ್ಟು ತಿಳಿವಳಿಕೆ, ಹಣ ಇದ್ದವರು ಉಯಿಲಿನಲ್ಲಿಯೇ ಒಂದು ಟ್ರಸ್ಟ್ ಕಟ್ಟಿ, ಗಂಡನ ಮಿತಿಯಷ್ಟು ಆಸ್ತಿಯನ್ನು ಅದರೊಳಗೆ ಇಟ್ಟು, ಎರಡು ಮಿತಿಗಳನ್ನೂ ದಕ್ಕಿಸಿಕೊಳ್ಳುತ್ತಿದ್ದರು. ಮಧ್ಯಮವರ್ಗದ ಸಾದಾ ದಂಪತಿಗಳಿಗೆ ಒಂದೇ ಮಿತಿ, ಬಲ್ಲವರಿಗೆ ಎರಡು. ಆ ವರ್ಷದ ಅಕ್ಟೋಬರ್ ಆರಂಭದಲ್ಲಿ ವಿರೋಧಪಕ್ಷವಾಗಿದ್ದ ಕನ್ಸರ್ವೇಟಿವ್ ಪಕ್ಷದ ಜಾರ್ಜ್ ಆಸ್ಬೋರ್ನ್, ತಾವು ಅಧಿಕಾರಕ್ಕೆ ಬಂದರೆ ಮಿತಿಯನ್ನು ಹತ್ತು ಲಕ್ಷ ಪೌಂಡಿಗೆ ಏರಿಸುವುದಾಗಿ ಪಕ್ಷದ ಸಮ್ಮೇಳನದಲ್ಲಿ ಘೋಷಿಸಿದರು. ಜನಮತ ಸರಕ್ಕನೆ ಅತ್ತ ವಾಲಿತು. ಬೇಗನೆ ಚುನಾವಣೆ ನಡೆಸುವ ಯೋಚನೆಯಲ್ಲಿದ್ದ ಪ್ರಧಾನಿ ಗಾರ್ಡನ್ ಬ್ರೌನ್ ಹಿಂದೆ ಸರಿದರು. ಅಕ್ಟೋಬರ್ 9ರಂದು ಲೇಬರ್ ಸರ್ಕಾರದ ಅರ್ಥಸಚಿವ ಅಲಿಸ್ಟೇರ್ ಡಾರ್ಲಿಂಗ್ ತಮ್ಮದೇ ಉತ್ತರ ಮಂಡಿಸಿದರು: ಮೊದಲು ಸತ್ತವರು ಬಳಸದೆ ಉಳಿಸಿದ ಮಿತಿ ಇನ್ನು ಮುಂದೆ ಬದುಕಿರುವ ಸಂಗಾತಿಯ ಖಾತೆಗೆ ಸೇರುತ್ತದೆ.

ಇದರಲ್ಲಿ ನಿಜವಾದ ಉದಾರತೆ ಇದ್ದದ್ದು ದಿನಾಂಕದ ವಿಷಯದಲ್ಲಿ. ಎರಡನೆಯ ಸಾವು 2007ರ ಅಕ್ಟೋಬರ್ 9ರಂದು ಅಥವಾ ಆಮೇಲೆ ಆಗಿದ್ದರೆ ಸಾಕು. ಮೊದಲ ಸಾವು ಯಾವ ಕಾಲದ್ದಾದರೂ ನಡೆಯುತ್ತದೆ. ಮೂವತ್ತು ವರ್ಷದ ಹಿಂದೆ ಸತ್ತ ಗಂಡನೂ ಒಂದು ಬೆಳಗ್ಗೆ ಎದ್ದು ಹೆಂಡತಿಗೆ ಹಣ ಕೊಟ್ಟುಹೋದ ಹಾಗಾಯಿತು.

ಲೆಕ್ಕ ಹಾಕುವ ರೀತಿಯೂ ಕುತೂಹಲಕರ. ಹಿಂದಿನಿಂದ ಬರುವುದು ಪೌಂಡಿನ ಮೊತ್ತವಲ್ಲ, ಪ್ರಮಾಣ. ಒಂದು ಕಲ್ಪಿತ ಸಂಸಾರವನ್ನು ತೆಗೆದುಕೊಳ್ಳೋಣ. ಅಜ್ಜ ತೀರಿಕೊಂಡದ್ದು 2003ರ ಜನವರಿಯಲ್ಲಿ. ಆ ವರ್ಷದ ಮಿತಿ 2.5 ಲಕ್ಷ ಪೌಂಡ್. ಅವರು ಮಗಳಿಗೆಂದು 50 ಸಾವಿರ ಬಿಟ್ಟು ಉಳಿದದ್ದೆಲ್ಲ ಅಜ್ಜಿಗೆ ಬರೆದಿದ್ದರು. ಮಗಳಿಗೆ ಹೋದದ್ದು ಮಿತಿಯ ಐದನೇ ಒಂದು ಭಾಗ. ಉಳಿದದ್ದು ಶೇಕಡಾ 80. ಅಜ್ಜಿ ತೀರಿಕೊಂಡದ್ದು 2025ರಲ್ಲಿ. ಆಗ ಆ ಶೇಕಡಾ 80ನ್ನು ಅಳೆಯುವುದು ಹಳೆಯ ಎರಡೂವರೆ ಲಕ್ಷದ ಮೇಲಲ್ಲ, ಇಂದಿನ 3.25 ಲಕ್ಷದ ಮೇಲೆ. ಅಂದರೆ ಅಜ್ಜನಿಂದ ಬಂದದ್ದು 2.6 ಲಕ್ಷ. ಅಜ್ಜಿಯದೇ 3.25 ಲಕ್ಷ ಸೇರಿದರೆ 5.85 ಲಕ್ಷ ಪೌಂಡ್. ಅಜ್ಜ ಬಳಸದೆ ಬಿಟ್ಟದ್ದು ಬ್ಯಾಂಕಿನಲ್ಲಿಟ್ಟ ಠೇವಣಿಯ ಹಾಗೆ ಬೆಳೆದಿದೆ ಎಂದು ಹೇಳಬಹುದು. ಆದರೆ ಆ ಠೇವಣಿಯೂ 2009ರಿಂದ ಬೆಳೆದಿಲ್ಲ. 3.25 ಲಕ್ಷದ ಮಿತಿ ಆ ವರ್ಷದ ಏಪ್ರಿಲ್‌ನಲ್ಲಿ ನಿಂತಲ್ಲೇ ನಿಂತಿದೆ. 2031ರ ಏಪ್ರಿಲ್‌ವರೆಗೂ ಅಲ್ಲಾಡುವುದಿಲ್ಲ ಎಂದು 2025ರ ಬಜೆಟ್‌ನಲ್ಲಿ ಸಾರಿದ್ದಾರೆ. ಮನೆಗಳ ಬೆಲೆ ಮಾತ್ರ ನಿಂತಿಲ್ಲ. ದರ ಏರಿಸದೆ, ಯಾರ ಬೈಗುಳವನ್ನೂ ತಿನ್ನದೆ ತೆರಿಗೆ ಹೆಚ್ಚಿಸುವ ಉಪಾಯ ಇದು. ಎಲ್ಲ ದೇಶಗಳ ಅರ್ಥಸಚಿವರಿಗೂ ಇದು ಗೊತ್ತು.

ಒಂದಕ್ಕಿಂತ ಹೆಚ್ಚು ಬಾರಿ ವಿಧವೆಯಾದವರಿಗೆ ಒಂದು ಮಿತಿಯಿದೆ. ಎಷ್ಟು ಗಂಡಂದಿರನ್ನು ಕಳೆದುಕೊಂಡಿದ್ದರೂ ಹಿಂದಿನವರಿಂದ ಬರುವುದು ಒಟ್ಟಾರೆ ಒಂದು ಪೂರ್ಣ ಮಿತಿಯನ್ನು ಮೀರುವಂತಿಲ್ಲ. ಇಲ್ಲದಿದ್ದರೆ ಇದನ್ನೇ ಕಥಾವಸ್ತುವಾಗಿ ಮಾಡಿಕೊಂಡು ಯಾರಾದರೂ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದರೇನೋ.

ಇನ್ನು ಮನೆಯ ಮಾತು. 2017ರ ಏಪ್ರಿಲ್‌ನಿಂದ ವಾಸದ ಮನೆಗಾಗಿ ಪ್ರತ್ಯೇಕವಾದ ಇನ್ನೊಂದು ವಿನಾಯಿತಿ ಬಂತು. ಮೊದಲ ವರ್ಷ ಒಂದು ಲಕ್ಷ ಪೌಂಡ್ ಇದ್ದದ್ದು 2020ರ ಹೊತ್ತಿಗೆ 1.75 ಲಕ್ಷವಾಯಿತು. ಅಜ್ಜನ ಪಾಲಿನ ಮನೆ ವಿನಾಯಿತಿಯೂ ಅಜ್ಜಿಗೆ ವರ್ಗವಾಗುತ್ತದೆ. ಇಲ್ಲಿರುವ ಸೋಜಿಗವೆಂದರೆ, ಅಜ್ಜ 2017ಕ್ಕೆ ಮೊದಲೇ ತೀರಿಕೊಂಡಿದ್ದರೂ, ಅಂದರೆ ಇಂಥದೊಂದು ವಿನಾಯಿತಿ ಹುಟ್ಟುವ ಮುಂಚೆಯೇ ಹೋಗಿದ್ದರೂ, ಅವರು ಅದನ್ನು ಪೂರ್ತಿಯಾಗಿ ಬಳಸದೆ ಬಿಟ್ಟರು ಎಂದೇ ಕಾನೂನು ಭಾವಿಸುತ್ತದೆ. ಅವರ ಹೆಸರಿನಲ್ಲಿ ಮನೆ ಇತ್ತೋ ಇಲ್ಲವೋ ಎಂದು ಕೂಡ ಕೇಳುವುದಿಲ್ಲ. ಅವರ ಎಸ್ಟೇಟ್ 20 ಲಕ್ಷ ಪೌಂಡಿನೊಳಗೆ ಇದ್ದಿದ್ದರೆ ಸಾಕು.

ಮೇಲಿನ ಕಲ್ಪಿತ ಅಜ್ಜಿಗೆ 5.2 ಲಕ್ಷದ ಮನೆ, 2.8 ಲಕ್ಷದ ಉಳಿತಾಯ, ಒಟ್ಟು 8 ಲಕ್ಷ ಪೌಂಡ್ ಇತ್ತೆನ್ನಿ. ಮನೆಯನ್ನು ಮಗ, ಮಗಳು, ಮೊಮ್ಮಕ್ಕಳಿಗೆ ಬರೆದಿದ್ದರೆ 5.85 ಲಕ್ಷಕ್ಕೆ ಮನೆಯ ಎರಡು ಪಾಲು 3.5 ಲಕ್ಷ ಸೇರಿ 9.35 ಲಕ್ಷದವರೆಗೆ ರಕ್ಷಣೆ. ತೆರಿಗೆ ಸೊನ್ನೆ. ಆದರೆ ಅಜ್ಜನ ಪಾಲು ತಾನಾಗಿಯೇ ಬಂದು ಕೂಡಿಕೊಳ್ಳುವುದಿಲ್ಲ. ಅಜ್ಜಿಯ ಉಯಿಲು ಜಾರಿ ಮಾಡುವವರು ಅರ್ಜಿ ಹಾಕಿ ಕೇಳಬೇಕು. ಕೇಳದೆ ಅಜ್ಜಿಯ ಪಾಲನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ರಕ್ಷಣೆ 5 ಲಕ್ಷಕ್ಕೆ ಇಳಿದು, ಉಳಿದ 3 ಲಕ್ಷಕ್ಕೆ 1.2 ಲಕ್ಷ ಪೌಂಡ್ ತೆರಿಗೆ. ನಮ್ಮ ಹಣದಲ್ಲಿ ಕೋಟಿ ರೂಪಾಯಿಗೂ ಮಿಕ್ಕಿದ ಬಾಬತ್ತು. ಒಂದು ಅರ್ಜಿಗೆ ಅಷ್ಟು ಬೆಲೆ.

ಮನೆಯ ವಿನಾಯಿತಿಗೆ ಷರತ್ತುಗಳು ಹೆಚ್ಚು. ಮನೆ ಒಂದಲ್ಲ ಒಂದು ಕಾಲದಲ್ಲಿ ಅಜ್ಜಿ ವಾಸವಿದ್ದ ಮನೆಯಾಗಿರಬೇಕು. ಅದು ನೇರ ಸಂತತಿಗೆ ಹೋಗಬೇಕು. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು, ದತ್ತುಮಕ್ಕಳು, ಮಲಮಕ್ಕಳು, ಸಾಕುಮಕ್ಕಳು ಎಲ್ಲರೂ ಸಲ್ಲುತ್ತಾರೆ. ಸೊಸೆ ಅಳಿಯಂದಿರೂ ಸಲ್ಲುತ್ತಾರೆ. ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಮಕ್ಕಳು ಸಲ್ಲುವುದಿಲ್ಲ. ಮಕ್ಕಳಿಲ್ಲದ ಅಜ್ಜಿ ತನ್ನನ್ನು ಇಪ್ಪತ್ತು ವರ್ಷ ನೋಡಿಕೊಂಡ ತಂಗಿಯ ಮಗಳಿಗೆ ಮನೆ ಬರೆದರೆ ಈ ವಿನಾಯಿತಿ ಇಲ್ಲ. ಹತ್ತು ವರ್ಷದಿಂದ ಮುಖ ತೋರಿಸದ ಮಗನಿಗೆ ಬರೆದರೆ ಉಂಟು. ಕಾನೂನು ರಕ್ತಸಂಬಂಧವನ್ನು ಅಳೆಯಬಲ್ಲದು, ಋಣಾನುಬಂಧವನ್ನು ಅಳೆಯಲಾರದು. ಎಸ್ಟೇಟ್ 20 ಲಕ್ಷ ಪೌಂಡ್ ಮೀರಿದರೆ ಪ್ರತಿ ಎರಡು ಪೌಂಡಿಗೆ ಒಂದು ಪೌಂಡಿನಂತೆ ಈ ವಿನಾಯಿತಿ ಕರಗುತ್ತದೆ. 27 ಲಕ್ಷದ ಹೊತ್ತಿಗೆ ಅಜ್ಜ ಅಜ್ಜಿ ಇಬ್ಬರ ಪಾಲೂ ಮಾಯ.

ಮೊಮ್ಮಕ್ಕಳ ಮೇಲಿನ ಅಕ್ಕರೆಯೇ ಮುಳುವಾಗುವ ಒಂದು ಸಂದರ್ಭವಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹದಿನೆಂಟಕ್ಕೇ ಕೈಗೆ ಮನೆ ಬಂದರೆ ಹುಡುಗರು ಹಾಳುಮಾಡಿಕೊಂಡಾರು ಎಂದು ಅಜ್ಜಿ ಹೆದರುವುದು ಸಹಜ. ಆದ್ದರಿಂದ ಉಯಿಲಿನಲ್ಲಿ ‘ಮನೆ ನನ್ನ ಮೊಮ್ಮಕ್ಕಳಿಗೆ, ಆದರೆ 25 ವರ್ಷ ತುಂಬಿದ ಮೇಲೆ’ ಎಂದು ಬರೆಸುತ್ತಾರೆ. ಓದುವವರಿಗೆ ಇದು ಮೊಮ್ಮಕ್ಕಳಿಗೇ ಕೊಟ್ಟ ಮನೆ. ತೆರಿಗೆ ಕಾನೂನಿನ ಕಣ್ಣಿಗೆ ಅದು ಟ್ರಸ್ಟಿಗೆ ಹೋದ ಮನೆ; 25 ತುಂಬುವವರೆಗೆ ಮೊಮ್ಮಗನಿಗೆ ಇರುವುದು ಬರಿಯ ನಿರೀಕ್ಷೆ. ನಿರೀಕ್ಷೆಯನ್ನು ‘ಆನುವಂಶಿಕವಾಗಿ ಪಡೆಯುವುದು’ ಎಂದು ಕಾನೂನು ಒಪ್ಪುವುದಿಲ್ಲ. ಫಲವಾಗಿ ಮನೆಯ ವಿನಾಯಿತಿ, ಅಜ್ಜಿಯದೂ ಅಜ್ಜನದೂ, ಎರಡೂ ತಪ್ಪಿಹೋಗುತ್ತವೆ. ನಮ್ಮ ಉದಾಹರಣೆಯ 8 ಲಕ್ಷದ ಎಸ್ಟೇಟಿಗೆ ಆಗ 5.85 ಲಕ್ಷದ ರಕ್ಷಣೆ ಮಾತ್ರ; ತೆರಿಗೆ 86 ಸಾವಿರ ಪೌಂಡ್. ಹತ್ತು ಹನ್ನೆರಡು ಪದಗಳ ಒಂದು ವಾಕ್ಯಕ್ಕೆ ತೆತ್ತ ಬೆಲೆ ಇದು. ಸಾವಾದ ಎರಡು ವರ್ಷದೊಳಗೆ ಟ್ರಸ್ಟಿನಿಂದ ಮನೆಯನ್ನು ಮೊಮ್ಮಕ್ಕಳಿಗೆ ನೇರವಾಗಿ ಹಂಚಿದರೆ ಸರಿಪಡಿಸಿಕೊಳ್ಳುವ ದಾರಿ ಸಾಮಾನ್ಯವಾಗಿ ಉಂಟು. ಆದರೆ ಹಾಗೆ ಮಾಡಿದರೆ ಅಜ್ಜಿ ಯಾವುದಕ್ಕೆ ಹೆದರಿ ಆ ವಾಕ್ಯ ಬರೆಸಿದರೋ ಅದೇ ಆಯಿತಲ್ಲ.

ಕೊನೆಗಾಲದಲ್ಲಿ ಮನೆ ಮಾರಿ ವೃದ್ಧಾಶ್ರಮ ಸೇರಿದವರ ಗತಿ? ಇದನ್ನು ಮಾತ್ರ ಕಾಯಿದೆ ಮಾಡಿದವರು ಯೋಚಿಸಿದ್ದಾರೆ. 2015ರ ಜುಲೈ 8ರಂದು ಅಥವಾ ಆಮೇಲೆ ಮನೆ ಮಾರಿದ್ದರೆ, ಅಥವಾ ದೊಡ್ಡ ಮನೆ ಬಿಟ್ಟು ಚಿಕ್ಕದಕ್ಕೆ ಹೋಗಿದ್ದರೆ, ಕಳೆದುಕೊಂಡ ವಿನಾಯಿತಿಯನ್ನು ಲೆಕ್ಕಹಾಕಿ ಮಕ್ಕಳು ಮೊಮ್ಮಕ್ಕಳಿಗೆ ಹೋಗುವ ಬೇರೆ ಆಸ್ತಿಯ ಮೇಲೆ ಕೊಡುತ್ತಾರೆ. ಇದಕ್ಕೂ ಅರ್ಜಿ ಬೇಕು. ಹಳೆಯ ಮನೆ ಮಾರಿದ ಕಾಗದ ಬೇಕು.

ಈ ನಿಯಮಗಳ ವಿಚಿತ್ರ ಅಂಚುಗಳು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಂಗ್ಲೆಂಡಿನಲ್ಲಿ ಸತ್ತವರ ಆಸ್ತಿಯ ಕಾಗದಗಳ ಮೇಲೆ ಸ್ಟಾಂಪು ಸುಂಕ ಬಿದ್ದದ್ದು 1694ರಲ್ಲಿ, ಫ್ರಾನ್ಸಿನ ಜೊತೆಗಿನ ಯುದ್ಧದ ಖರ್ಚಿಗಾಗಿ. ಇಂದಿನ ರೂಪದ ಮೂಲ 1894ರಲ್ಲಿ ವಿಲಿಯಂ ಹಾರ್ಕೋರ್ಟ್ ತಂದ ಎಸ್ಟೇಟ್ ಸುಂಕ. ಆಗ ಅತಿ ದೊಡ್ಡ ಆಸ್ತಿಗೂ ಶೇಕಡಾ 8. ಎರಡು ಮಹಾಯುದ್ಧಗಳು ಮುಗಿದು 1949ಕ್ಕೆ ಬರುವಾಗ ಅದು ಶೇಕಡಾ 80 ಆಗಿತ್ತು. 1950ರಲ್ಲಿ ಡೆವನ್‌ಶೈರ್‌ನ ಹತ್ತನೆಯ ಡ್ಯೂಕ್ ತೀರಿಕೊಂಡರು. ಅವರು ಆಸ್ತಿಯನ್ನು ಮೊದಲೇ ದಾನಮಾಡಿದ್ದರು. ಆದರೆ ದಾನ ಊರ್ಜಿತವಾಗಲು ಬದುಕಿರಬೇಕಾಗಿದ್ದ ಐದು ವರ್ಷಕ್ಕೆ ಕೆಲವೇ ತಿಂಗಳು ಬಾಕಿಯಿತ್ತು. ಶೇಕಡಾ 80ರ ಸುಂಕ ಕಟ್ಟಲು ಮಗ ಭೂಮಿ ಮಾರಿದ, ಚಿತ್ರಗಳನ್ನು ಒಪ್ಪಿಸಿದ, ಹಾರ್ಡ್‌ವಿಕ್ ಹಾಲ್ ಎಂಬ ಮನೆತನದ ಹಳೆಯ ಬಂಗಲೆಯನ್ನೇ ಸರ್ಕಾರಕ್ಕೆ ಬಿಟ್ಟುಕೊಟ್ಟ. ಇಂದು ಪ್ರವಾಸಿಗಳು ಟಿಕೆಟ್ ಕೊಂಡು ನೋಡುವ ಇಂಗ್ಲೆಂಡಿನ ಅರಮನೆಗಳಲ್ಲಿ ಹಲವು ಹೀಗೆ ಸಾವಿನ ಸುಂಕದ ಬಾಬ್ತು ಸಾರ್ವಜನಿಕರ ಪಾಲಾದವು.

ಡ್ಯೂಕರ ಕಥೆ ರೋಚಕ. ಆದರೆ ಆ ಕಾಲದ ಸಾಮಾನ್ಯ ವಿಧವೆಯ ಕಥೆಯನ್ನು ಯಾರೂ ಅಷ್ಟು ಹೇಳುವುದಿಲ್ಲ. 1972ರ ಮಾರ್ಚ್‌ವರೆಗೆ ಗಂಡ ನೇರವಾಗಿ ಹೆಂಡತಿಗೆ ಬಿಟ್ಟುಹೋದ ಆಸ್ತಿಗೂ ವಿನಾಯಿತಿ ಇರಲಿಲ್ಲ. ಆಮೇಲೆ 15 ಸಾವಿರ ಪೌಂಡಿನವರೆಗೆ ಬಿಟ್ಟರು. ಪೂರ್ಣ ವಿನಾಯಿತಿ ಬಂದದ್ದು 1974ರ ನವೆಂಬರ್ ಮಧ್ಯದಿಂದ. ಹಳೆಯ ಸುಂಕ ಹೋಗಿ ಬೇರೊಂದು ಬಂತು. ಅದು 1986ರಲ್ಲಿ ‘ಉತ್ತರಾಧಿಕಾರ ತೆರಿಗೆ’ ಎಂಬ ಇಂದಿನ ಹೆಸರು ಪಡೆಯಿತು. ಇದು ಬರಿಯ ಇತಿಹಾಸವಲ್ಲ. 1970ರಲ್ಲಿ ಗಂಡ ಸತ್ತ ಅಜ್ಜಿಯೊಬ್ಬರು ಇಂದು ತೀರಿಕೊಂಡರೆ, ಗಂಡನ ಉಳಿಕೆ ಮಿತಿಯನ್ನು ಅಳೆಯುವುದು ಆ ಕಾಲದ ನಿಯಮದಂತೆ. ಆಗಿನ ಮಿತಿ 10 ಸಾವಿರ ಪೌಂಡ್. ಗಂಡ ಮನೆ ಮತ್ತು ಉಳಿತಾಯ ಸೇರಿ 6 ಸಾವಿರದ್ದನ್ನು ಹೆಂಡತಿಗೇ ಬಿಟ್ಟಿದ್ದರೂ ಮಿತಿಯ ಶೇಕಡಾ 60 ಖರ್ಚಾಯಿತು ಎಂದೇ ಲೆಕ್ಕ. ಇಂದು ಬರುವುದು ಉಳಿದ 40. ಎಳೆಯ ವಯಸ್ಸಿಗೇ ವಿಧವೆಯಾಗಿ ಐವತ್ತು ವರ್ಷ ಒಬ್ಬರೇ ಬಾಳಿದವರಿಗೆ ಕಡಿಮೆ, ತೊಂಬತ್ತರವರೆಗೆ ಜೊತೆಯಾಗಿ ಬಾಳಿದವರಿಗೆ ಪೂರ್ತಿ. ಯಾರೂ ಬೇಕೆಂದು ಮಾಡಿದ ಅನ್ಯಾಯವಲ್ಲ. ಆದರೂ ಅನ್ಯಾಯವೇ.

ಯುದ್ಧದ ಗಾಯದಿಂದ ಸತ್ತ ಸೈನಿಕನ ಎಸ್ಟೇಟಿಗೆ ತೆರಿಗೆ ಇಲ್ಲ. ಹಾಗೆ ಸತ್ತವನ ಮಿತಿ ಖರ್ಚಾಗದೆ ಹೆಂಡತಿಗೆ ಉಳಿಯುತ್ತದೆ. ಗಾಯ ಎಷ್ಟು ಹಳೆಯದಿರಬಹುದು? ವೆಸ್ಟ್‌ಮಿನ್‌ಸ್ಟರ್‌ನ ನಾಲ್ಕನೆಯ ಡ್ಯೂಕ್ 1944ರಲ್ಲಿ ಗಾಯಗೊಂಡು, 1967ರಲ್ಲಿ ಕ್ಯಾನ್ಸರಿನಿಂದ ಸತ್ತರು. ಹಳೆಯ ಗಾಯದ ನಂಜು ಸಾವಿಗೆ ಒಂದು ಕಾರಣವಾಗಿತ್ತು ಎಂದು ಮನೆಯವರು ವಾದಿಸಿದರು. 1970ರ ದಶಕದ ಕೊನೆಗೆ ನ್ಯಾಯಾಲಯ ಒಪ್ಪಿತು. ಬಡ ಸಿಪಾಯಿಯ ಹೆಂಡತಿಗೂ ಇದೇ ವಾದ ತೆರೆದಿದೆ. ವಾದಿಸಲು ವಕೀಲರಿರಬೇಕು, ಅಷ್ಟೆ.

ದಂಪತಿಗಳಿಗೆ ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟ ಕಾನೂನು ಬೇರೆ ಬಗೆಯ ಒಡನಾಟವನ್ನು ಕಾಣುವುದಿಲ್ಲ. ಜಾಯ್ಸ್ ಮತ್ತು ಸಿಬಿಲ್ ಬರ್ಡನ್ ಎಂಬ ಅವಿವಾಹಿತ ಅಕ್ಕತಂಗಿಯರು ವಿಲ್ಟ್‌ಶೈರ್‌ನಲ್ಲಿ ಹುಟ್ಟಿದಂದಿನಿಂದ ಒಟ್ಟಿಗೆ ಬಾಳಿದವರು. ಒಬ್ಬರು ಹೋದರೆ ಉಳಿದವರು ತೆರಿಗೆಗಾಗಿ ಮನೆ ಮಾರಬೇಕಾಗುತ್ತದೆ, ನಮ್ಮನ್ನೂ ದಂಪತಿಗಳಂತೆ ಕಾಣಿರಿ ಎಂದು ಅವರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರು. ಎಂಬತ್ತರ ಮೇಲಿನ ವಯಸ್ಸು ಇಬ್ಬರಿಗೂ. 2008ರಲ್ಲಿ ತೀರ್ಪು ಅವರ ವಿರುದ್ಧ ಬಂತು: ಮದುವೆಯಾಗಲಿ ಕಾನೂನುಬದ್ಧ ಸಹಜೀವನವಾಗಲಿ ಇಬ್ಬರು ಕೈಯಾರೆ ಆರಿಸಿಕೊಂಡು ಕಟ್ಟುವ ಸಂಬಂಧ, ಒಡಹುಟ್ಟು ಹಾಗಲ್ಲ ಎಂದು ಬಹುಮತದ ನ್ಯಾಯಮೂರ್ತಿಗಳ ತರ್ಕ. ಮದುವೆಯಾಗದೆ ಜೊತೆಗಿರುವ ಗಂಡು ಹೆಣ್ಣಿಗೂ ಇದೇ ಗತಿ. ನಲವತ್ತು ವರ್ಷ ಕೂಡಿ ಬಾಳಿದರೂ ಸುಂಕದವರ ಲೆಕ್ಕದಲ್ಲಿ ಅವರು ಪರಕೀಯರು.

ಬದುಕಿರುವಾಗಲೇ ಕೊಟ್ಟುಬಿಡುವ ದಾರಿ ಇಲ್ಲವೇ ಎಂದು ಓದುಗರು ಕೇಳಬಹುದು. ಇದೆ. ಕೊಟ್ಟು ಏಳು ವರ್ಷ ಬದುಕಿದ್ದರೆ ಆ ದಾನಕ್ಕೆ ತೆರಿಗೆ ಇಲ್ಲ. ವರ್ಷಕ್ಕೆ 3 ಸಾವಿರ ಪೌಂಡ್ ಯಾವ ಕಾಯುವಿಕೆಯೂ ಇಲ್ಲದೆ ಕೊಡಬಹುದು. ಮದುವೆಯ ಉಡುಗೊರೆಗೂ ಬೇರೆ ಲೆಕ್ಕವಿದೆ: ತಂದೆ ತಾಯಿ 5 ಸಾವಿರ, ಅಜ್ಜ ಅಜ್ಜಿ ಎರಡೂವರೆ ಸಾವಿರ, ಉಳಿದವರು ಒಂದು ಸಾವಿರ. ಮುಯ್ಯಿಯ ಮೊತ್ತವನ್ನು ಸಂಬಂಧದ ಹತ್ತಿರ ದೂರ ನೋಡಿ ನಿಗದಿ ಮಾಡುವುದು ನಮ್ಮ ಮದುವೆ ಮನೆಗಳಲ್ಲಷ್ಟೇ ಅಲ್ಲ ಎಂದಾಯಿತು. ಆದರೆ ಮನೆಯನ್ನು ಮಗನ ಹೆಸರಿಗೆ ಮಾಡಿ, ತಾನು ಬಾಡಿಗೆ ಕೊಡದೆ ಅಲ್ಲಿಯೇ ಉಳಿಯುವ ಜಾಣತನ ನಡೆಯುವುದಿಲ್ಲ. ಹಾಗೆ ಕೊಟ್ಟದ್ದು ಕೊಟ್ಟಂತಲ್ಲ ಎಂದು ತಿಳಿದು ಅದನ್ನು ಎಸ್ಟೇಟಿಗೇ ಸೇರಿಸುತ್ತಾರೆ.

ನೂರು ಸಾವುಗಳಲ್ಲಿ ಈ ತೆರಿಗೆ ಬೀಳುವುದು ಐದಕ್ಕಿಂತ ಕಡಿಮೆ. ಆದರೂ ಹೆದರುವವರು ಅದರ ಎಷ್ಟೋ ಪಾಲು. 2027ರ ಏಪ್ರಿಲ್ 6ರಿಂದ, ಬಳಸದೆ ಉಳಿದ ಪಿಂಚಣಿ ನಿಧಿಯನ್ನೂ ಎಸ್ಟೇಟಿಗೆ ಸೇರಿಸುವ ನಿರ್ಧಾರವಾಗಿರುವುದರಿಂದ ಹೆದರಿಕೆಗೆ ಕಾರಣವೂ ಹೆಚ್ಚಿದೆ. ಇಕ್ಕಟ್ಟು ಹೆಚ್ಚಾಗಿ ಸಮಯದ್ದು. ಸಾವಾದ ತಿಂಗಳ ಕೊನೆಯಿಂದ ಆರು ತಿಂಗಳೊಳಗೆ ತೆರಿಗೆ ಕಟ್ಟಬೇಕು; ತಡವಾದರೆ ಬಡ್ಡಿ. ಅಜ್ಜಿಯ ಆಸ್ತಿ ಕೈಗೆ ಬರಬೇಕಾದರೆ ನ್ಯಾಯಾಲಯದ ಪ್ರೊಬೇಟ್ ಬೇಕು. ಪ್ರೊಬೇಟ್ ಬೇಕಾದರೆ ಮೊದಲು ತೆರಿಗೆ ಕಟ್ಟಿರಬೇಕು. ಅಜ್ಜಿಯ ಬ್ಯಾಂಕ್ ಖಾತೆಯಿಂದ ನೇರವಾಗಿ ಕಟ್ಟಿಸುವ, ಮನೆಯ ಬಾಬ್ತಿನದನ್ನು ಹತ್ತು ವರ್ಷದ ಕಂತುಗಳಲ್ಲಿ ಕಟ್ಟುವ ಅವಕಾಶ ಇಲ್ಲದಿದ್ದರೆ ಇದು ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂತಾಗುತ್ತಿತ್ತು. ಅಜ್ಜನ ಉಳಿಕೆ ಮಿತಿಯನ್ನು ಕೇಳಲು ಇರುವ ಗಡುವು ಎರಡು ವರ್ಷ.

ಬ್ರಿಟನ್ನಿನಲ್ಲಿ ನೆಲೆಸಿದ ನಮ್ಮವರಿಗೆ ಇದರಲ್ಲಿ ಎರಡು ವಿಶೇಷಗಳಿವೆ. 2025ರ ಏಪ್ರಿಲ್ 6ರಿಂದ, ಹಿಂದಿನ 20 ವರ್ಷಗಳಲ್ಲಿ 10 ವರ್ಷ ಅಲ್ಲಿ ವಾಸವಿದ್ದವರ ಲೋಕದಲ್ಲೆಲ್ಲ ಇರುವ ಆಸ್ತಿಯೂ ಲೆಕ್ಕಕ್ಕೆ ಬರುತ್ತದೆ. ಮೈಸೂರಿನ ಮನೆ, ಹುಬ್ಬಳ್ಳಿಯ ಸೈಟು ಇದಕ್ಕೆ ಹೊರತಲ್ಲ. ಹೆಂಡತಿ ಊರಿನಲ್ಲೇ ಉಳಿದು ಗಂಡ ಅಲ್ಲಿ ನೆಲೆಸಿದ್ದರೆ, ಅವನಿಂದ ಅವಳಿಗೆ ಬರುವ ಆಸ್ತಿಗೆ ಪೂರ್ಣ ವಿನಾಯಿತಿ ಇಲ್ಲ, 3.25 ಲಕ್ಷ ಪೌಂಡಿನವರೆಗೆ ಮಾತ್ರ. ಆದರೆ ಎರಡೂ ದೇಶಗಳಲ್ಲಿ ಎಸ್ಟೇಟ್ ಸುಂಕ ಇದ್ದ ಕಾಲದಲ್ಲಿ, 1956ರಲ್ಲಿ, ಒಂದೇ ಆಸ್ತಿಗೆ ಎರಡು ಸುಂಕ ಬೀಳದಿರಲೆಂದು ಮಾಡಿಕೊಂಡ ಒಪ್ಪಂದ ಇಂದಿಗೂ ಜಾರಿಯಲ್ಲಿದೆ. ಕಾನೂನಿನ ಅರ್ಥದಲ್ಲಿ ಭಾರತವೇ ಮೂಲನೆಲೆ ಎನಿಸಿಕೊಂಡವರ, ಬ್ರಿಟನ್ನಿನ ಹೊರಗಿರುವ ಆಸ್ತಿಯನ್ನು ಅದು ಕೆಲವು ಷರತ್ತುಗಳೊಂದಿಗೆ ಕಾಪಾಡುತ್ತದೆ. ಒಂದು ಕಡೆಯ ಸುಂಕ ಸತ್ತು ನಲವತ್ತು ವರ್ಷವಾದರೂ ಒಪ್ಪಂದ ಬದುಕಿದೆ.

ಎರಡನೆಯದು ಹೆಚ್ಚಿನವರಿಗೆ ಹೊಳೆಯದ ಸಂಗತಿ. ಅಜ್ಜ 1990ರಲ್ಲಿ ಶಿವಮೊಗ್ಗದಲ್ಲಿ ತೀರಿಕೊಂಡರೆನ್ನಿ. ಬ್ರಿಟನ್ನಿನ ನೆಲ ಮೆಟ್ಟಿದವರಲ್ಲ. ಅಲ್ಲಿ ಬಿಡಿಗಾಸಿನ ಆಸ್ತಿಯೂ ಇರಲಿಲ್ಲ. ಅಜ್ಜಿ ಮಗನ ಜೊತೆ ಹೋಗಿ ಅಲ್ಲಿಯೇ ನೆಲೆಸಿ, ಊರಿನ ತೋಟ ಮಾರಿದ ಹಣದಿಂದ ಅಲ್ಲಿನ ಮನೆಯಲ್ಲಿ ಪಾಲು ಕೊಂಡು, ಅಲ್ಲಿಯೇ ಕಣ್ಣುಮುಚ್ಚಿದರು. ಆ ಅಜ್ಜನೂ ಬ್ರಿಟನ್ನಿನ ತೆರಿಗೆರಹಿತ ಮಿತಿಯನ್ನು ಬಳಸದೆ ಬಿಟ್ಟುಹೋದವರೇ. ಮಗ ಕೇಳಿದರೆ ಅದು ಪೂರ್ತಿಯಾಗಿ ಅಜ್ಜಿಗೆ ಬರುತ್ತದೆ, ಮನೆಯ ವಿನಾಯಿತಿಯೂ ಸೇರಿ. ಕೇಳಲು ಅಜ್ಜನ ಮರಣಪತ್ರ ಬೇಕು, ಮದುವೆಯ ದಾಖಲೆ ಬೇಕು, ಅಜ್ಜನ ಆಸ್ತಿ ಯಾರಿಗೆ ಹೋಯಿತು ಎಂಬ ವಿವರ ಬೇಕು. 1950-60ರ ದಶಕಗಳ ನಮ್ಮ ಮದುವೆಗಳಲ್ಲಿ ನೋಂದಣಿ ಅಪರೂಪ. ಲಗ್ನಪತ್ರಿಕೆಯೊಂದು ಉಳಿದಿದ್ದರೆ ಪುಣ್ಯ. ಅದು ಯಾವ ಟ್ರಂಕಿನ ತಳದಲ್ಲಿದೆ ಎಂಬುದು ಗೊತ್ತಿರುವುದು ಅಜ್ಜಿಗೆ ಮಾತ್ರ. ಅವರು ಇರುವಾಗಲೇ ಕೇಳಿ ತೆಗೆದಿಡಬೇಕು.